ಗೂಗಲ್‌ನಲ್ಲಿ ಮೇಲೇರಿಸಿಕೊಡುವ ಮಾಸಿಕ ಸೇವೆ: ಆರು ತಿಂಗಳು ಹಣ ಕೊಟ್ಟವನ ವಿಮರ್ಶೆ

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡವೊಂದರ ಬುಡದಲ್ಲಿ ನನ್ನ ಅಡಿಕೆ ತೋಟವಿದೆ. ತೋಟದ ಕೆಲಸ, ನಮ್ಮ ಕಡೆಯ ಸುರಂಗಗಳು, ಬೇಸಗೆಯಲ್ಲಿ ನೀರು ತಡೆಯಲು ತೋಡಿಗೆ ಹಾಕುವ ಕಟ್ಟಗಳು, ಮಳೆಗಾಲದ ಅಡುಗೆ ಮೊದಲಾದ ವಿಷಯಗಳ ಬಗ್ಗೆ ಕೆಲವು ವರ್ಷಗಳಿಂದ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದೇನೆ. ಓದುವವರು ಹೆಚ್ಚಬೇಕೆಂಬ ಆಸೆಯಿಂದ ನಗರವೊಂದರ ಡಿಜಿಟಲ್ ಮಾರ್ಕೆಟಿಂಗ್ ಸಂಸ್ಥೆಯ ಎಸ್‌ಇಒ ಸೇವೆಯನ್ನು, ಅಂದರೆ ಗೂಗಲ್‌ನಲ್ಲಿ ಹುಡುಕಿದಾಗ ನಮ್ಮ ಬರಹ ಮೇಲಿನ ಸಾಲಿನಲ್ಲಿ ಕಾಣುವಂತೆ ಮಾಡಿಕೊಡುವ ಸೇವೆಯನ್ನು, ತಿಂಗಳಿಗೆ 6,000 ರೂಪಾಯಿಯಂತೆ ಆರು ತಿಂಗಳ ಮಟ್ಟಿಗೆ ತೆಗೆದುಕೊಂಡೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಇದೇ ಪ್ಯಾಕೇಜನ್ನು ಇವೇ ಮಾತುಗಳಲ್ಲಿ ಮಾರುವವರು ಊರು ತುಂಬ ಇರುವುದರಿಂದ ಒಬ್ಬರತ್ತ ಬೊಟ್ಟು ಮಾಡುವುದಕ್ಕಿಂತ ಅವರು ಮಾರುವ ಸರಕು ಎಂಥದ್ದೆಂದು ನೋಡುವುದು ಹೆಚ್ಚು ಉಪಯೋಗದ ಕೆಲಸ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲ ತಿಂಗಳ ಕೆಲಸಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ, ಉಳಿದ ಐದು ತಿಂಗಳಿಗೆ ಒಂದು. ಆ ಒಂದು ಕೂಡ ಎಷ್ಟು ಹೊತ್ತಿಗೆ ಕರೆ ಮಾಡಿದರೂ ಬೇಸರಿಸದೆ ಮಾತನಾಡಿದ ಅಲ್ಲಿಯ ಹುಡುಗನ ಪಾಲಿನದು.

ಮೊದಲ ತಿಂಗಳು ಅವರು ಮಾಡಿದ್ದು ನಿಜವಾದ ರಿಪೇರಿ. ನಾನು ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಕಿರಿದುಗೊಳಿಸದೆ ಹಾಗೆಯೇ ಏರಿಸುತ್ತಿದ್ದೆ. ಒಂದೊಂದು ಚಿತ್ರವೂ ನಾಲ್ಕೈದು ಎಂಬಿ ತೂಗುತ್ತಿದ್ದುದರಿಂದ ಸಿಗ್ನಲ್ ಎರಡು ಗೆರೆ ಮೇಲೇರದ ನಮ್ಮ ಗುಡ್ಡದ ಊರುಗಳಲ್ಲಿ ಪುಟ ತೆರೆಯುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಗೂಗಲ್ ತಾನೇ ಹಾಕಿಕೊಂಡ ಅಳತೆ. ಚಿತ್ರಗಳನ್ನು ಕುಗ್ಗಿಸಿದ ಮೇಲೆ ನನ್ನ ಹೆಚ್ಚಿನ ಪುಟಗಳು ಆ ಅಳತೆಯೊಳಗೆ ಬಂದವು. ಇನ್ನೊಂದು ದೋಷ ನನಗೆ ಗೊತ್ತೇ ಇರಲಿಲ್ಲ. ಹಳೆಯ ಕೆಲವು ಬರಹಗಳನ್ನು ನಾನು ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ಕನ್ನಡ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದೆ. ನನ್ನ ಕಂಪ್ಯೂಟರಿನಲ್ಲಿ ಅವು ಮುದ್ದಾದ ಕನ್ನಡವಾಗಿ ಕಾಣುತ್ತಿದ್ದರೂ ಯಂತ್ರದ ಕಣ್ಣಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿದ್ದವು, ಹಾಗಾಗಿ ಯಾವ ಹುಡುಕಾಟದಲ್ಲೂ ಸಿಕ್ಕುತ್ತಿರಲಿಲ್ಲ. ಅವೆಲ್ಲವನ್ನೂ ಯುನಿಕೋಡಿಗೆ ಪರಿವರ್ತಿಸಿ, ಕೆಟ್ಟುಹೋದ ಒತ್ತಕ್ಷರಗಳನ್ನು ತಿದ್ದಿಕೊಟ್ಟರು.

ಪುಟದ ವಿಳಾಸಗಳನ್ನೂ ಸರಿಪಡಿಸಿದರು. ಕನ್ನಡದಲ್ಲಿರುವ ವಿಳಾಸವನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿದರೆ ಅದು ಎಷ್ಟೋ ಸಲ ಶೇಕಡಾ ಚಿಹ್ನೆ, ಅಂಕಿ, ಅಕ್ಷರಗಳ ಉದ್ದನೆಯ ಬಾಲವಾಗಿಬಿಡುತ್ತದೆ. ಯುನಿಕೋಡಿನ ಒಂದೊಂದು ಕನ್ನಡ ಚಿಹ್ನೆಯೂ ಅಲ್ಲಿ ಒಂಬತ್ತು ಸ್ಥಾನ ಹಿಡಿಯುತ್ತದೆ. ಸ, ಉಕಾರ, ರ, ಸೊನ್ನೆ, ಗ ಎಂದು ಐದು ಚಿಹ್ನೆಗಳಿರುವ 'ಸುರಂಗ' ಎಂಬ ಪುಟ್ಟ ಪದಕ್ಕೆ 45 ಸ್ಥಾನ ಬೇಕು. ಇಂಥ ಬಾಲವನ್ನು ಕಂಡ ನನ್ನ ಅತ್ತೆಯವರು ಇದು ಬ್ಯಾಂಕಿನ ಹಣ ಹೊಡೆಯುವವರ ಲಿಂಕ್ ಇರಬೇಕೆಂದು ತೆರೆಯದೆ ಅಳಿಸಿದ್ದರು. ವಿಳಾಸಗಳನ್ನು ಚಿಕ್ಕದಾಗಿ ರೋಮನ್ ಲಿಪಿಯಲ್ಲಿ ಬರೆದ ಮೇಲೆ ಆ ಭಯ ಹೋಯಿತು. ಇಷ್ಟು ಕೆಲಸಕ್ಕೆ ನಾನು ಕೊಟ್ಟ ಹಣ ಹೆಚ್ಚಾಯಿತೆಂದು ಇವತ್ತಿಗೂ ಅನ್ನಿಸಿಲ್ಲ. ಆದರೆ ಇದು ಬಾವಿಗೆ ಒಮ್ಮೆ ಕಟ್ಟೆ ಕಟ್ಟಿಸಿದ ಹಾಗಿನ ಕೆಲಸ. ಕಟ್ಟೆ ಕಟ್ಟಿ ಮುಗಿದ ಮೇಲೆ ಪ್ರತಿ ತಿಂಗಳೂ ಮೇಸ್ತ್ರಿಗೆ ಸಂಬಳ ಏಕೆ ಎಂಬ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ.

ಎರಡನೆಯ ತಿಂಗಳಿನಿಂದ ಅವರು ಬರಹಕ್ಕೇ ಕೈಹಾಕಿದರು. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣವನ್ನು ತಯಾರಿಸುವ ಕ್ರಮದ ಬಗ್ಗೆ ನನ್ನದೊಂದು ಹಳೆಯ ಲೇಖನವಿತ್ತು. 1 ಕಿಲೋ ಮೈಲುತುತ್ತನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ ಕರಗಿಸಬೇಕು, 1 ಕಿಲೋ ಸುಣ್ಣವನ್ನು ಬೇರೆಯೇ ಪಾತ್ರೆಯಲ್ಲಿ 50 ಲೀಟರ್ ನೀರಿಗೆ ಕಲಸಿ ಸೋಸಬೇಕು, ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕು ಎಂಬುದು ತೋಟದವರೆಲ್ಲರಿಗೂ ತಿಳಿದ ಲೆಕ್ಕ. ನನ್ನ ಲೇಖನದಲ್ಲಿ ಲೆಕ್ಕಕ್ಕಿಂತ ಹೆಚ್ಚು ಜಾಗ ಪಡೆದಿದ್ದುದು, ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೇ ಎಂದು ನೋಡುವ ಚೂರಿಯ ಪರೀಕ್ಷೆ. ಒಂದು ಜೂನ್ ತಿಂಗಳ ಬೆಳಗ್ಗೆ, ಮದ್ದು ಬಿಡುವವರು ಬಂದು ಅಂಗಳದಲ್ಲಿ ಕಾಯುತ್ತಿದ್ದಾಗ, ಡ್ರಮ್ಮಿನೊಳಕ್ಕೆ ಅದ್ದಿ ತೆಗೆದ ಚೂರಿಯ ಅಲಗು ಕೆಂಪಗೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿತ್ತು. ಹಾಗೆಯೇ ಬಿಟ್ಟಿದ್ದರೆ ಎಳೆಯ ಕಾಯಿ ಸುಡುತ್ತಿತ್ತು. ಮತ್ತಷ್ಟು ಸುಣ್ಣ ಕಲಸಿ ಸುರಿದು, ಚೂರಿಯನ್ನು ಉಜ್ಜಿ ಮತ್ತೆ ಅದ್ದಿ, ಮೂರನೆಯ ಸಲಕ್ಕೆ ಅಲಗು ಬೆಳ್ಳಗೆ ಉಳಿದಾಗಷ್ಟೇ ದ್ರಾವಣವನ್ನು ಮೇಲಕ್ಕೆ ಕಳುಹಿಸಿದೆವು. ಕೆಂಪಾದ ಅಲಗಿನ ಚಿತ್ರವೂ ಬೆಳ್ಳಗೆ ಉಳಿದ ಅಲಗಿನ ಚಿತ್ರವೂ ಲೇಖನದಲ್ಲಿ ಅಕ್ಕಪಕ್ಕದಲ್ಲಿದ್ದವು.

ಸಂಸ್ಥೆಯವರು ಈ ಲೇಖನವನ್ನು 'ಆಪ್ಟಿಮೈಸ್' ಮಾಡಿದರು. ಮೊದಲ ಉಪಶೀರ್ಷಿಕೆ 'ಅಡಿಕೆ ಎಂದರೇನು?' ಎಂದಾಯಿತು. ಎರಡನೆಯದು 'ಕೊಳೆರೋಗ ಎಂದರೇನು?' ಎಂದಾಯಿತು. ಮಳೆ ಹನಿಕಡಿಯದ ಜೂನ್ ತಿಂಗಳಲ್ಲಿ ಫೋನು ಹಿಡಿದು ಮದ್ದಿನ ಲೆಕ್ಕ ಹುಡುಕುವ ಮನುಷ್ಯನಿಗೆ ಅಡಿಕೆ ಎಂದರೇನೆಂದು ವಿವರಿಸುವ ಸಾಹಸ ಅದು. 'ಅಡಿಕೆ ಕೊಳೆರೋಗ ಔಷಧಿ' ಎಂಬ ಮೂರು ಪದಗಳ ಸರವನ್ನು ಅಷ್ಟಷ್ಟು ದೂರಕ್ಕೆ ಪೋಣಿಸಿದ್ದರು. ಚೂರಿಯ ಪ್ರಸಂಗ ಕೊನೆಯ ಪ್ಯಾರಾಕ್ಕೆ ಇಳಿದು ಎರಡು ಸಾಲಾಗಿತ್ತು. ಕಾರಣ ಕೇಳಿದಾಗ, ಈ ಪದಗಳು ಇದೇ ರೂಪದಲ್ಲಿ ಪದೇಪದೇ ಬಂದರೆ ಮಾತ್ರ ಗೂಗಲ್‌ಗೆ ವಿಷಯ ತಿಳಿಯುತ್ತದೆ ಎಂಬ ಉತ್ತರ ಬಂತು. ಇಂಗ್ಲಿಷಿಗೆ ಕಟ್ಟಿದ ಈ ಲೆಕ್ಕ ಕನ್ನಡಕ್ಕೆ ಹೊಂದುವುದೇ ಇಲ್ಲ. ನಮ್ಮಲ್ಲಿ ಅಡಿಕೆ ಎಂಬುದು ಅಡಿಕೆಗೆ, ಅಡಿಕೆಯ, ಅಡಿಕೆಯಲ್ಲಿ ಎಂದು ವಿಭಕ್ತಿಗೆ ತಕ್ಕಂತೆ ರೂಪ ಬದಲಿಸುತ್ತದೆ. ಕೆಲವರಿಗೆ ಅದು ಅಡಕೆ, ಕೊಳೆರೋಗ ಕೆಲವರಿಗೆ ಮಹಾಳಿ, ಔಷಧ ಸಿಂಪಡಿಸುವುದು ನಮಗೆಲ್ಲ ಮದ್ದು ಬಿಡುವುದು. ಪ್ರತ್ಯಯ ಕಳಚಿದ ಪದಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಅದು ವಾಕ್ಯವೂ ಆಗುವುದಿಲ್ಲ, ಯಾರೂ ಆಡುವ ಮಾತೂ ಆಗುವುದಿಲ್ಲ. ಮೇಲಾಗಿ, ಒಂದೇ ಪದವನ್ನು ತುರುಕುವುದನ್ನು ಗೂಗಲ್ ತನ್ನ ನಿಯಮಗಳಲ್ಲೇ ಸ್ಪ್ಯಾಮ್ ಎಂದು ಹೆಸರಿಸಿದೆ.

ಬಿಲ್ಲಿನಲ್ಲಿ 'ಮೆಟಾ ಕೀವರ್ಡ್' ಎಂಬ ಒಂದು ಬಾಬತ್ತೂ ಇತ್ತು. ಪುಟದ ಮರೆಯಲ್ಲಿ ಪದಗಳ ಪಟ್ಟಿ ಬರೆದಿಡುವ ಈ ಪದ್ಧತಿಯನ್ನು ತಾನು ಶ್ರೇಣಿ ನಿರ್ಧಾರಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ತಿಳಿಸಿತ್ತು. ಅಷ್ಟು ವರ್ಷ ಹಿಂದೆ ಸತ್ತ ಹಸುವಿಗೆ ನಾನು ಹಿಂಡಿ ಹಾಕುತ್ತಿದ್ದೆ.

ಸುರಂಗದ ಲೇಖನದ ಕಥೆ ಇನ್ನೊಂದು ಬಗೆಯದು. ಕಾಸರಗೋಡಿನ ಹೊರಗಿನವರಿಗಾಗಿ ಹೇಳುವುದಾದರೆ, ನಮ್ಮ ಸುರಂಗವೆಂದರೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡವಾಗಿ, ಒಬ್ಬ ಮನುಷ್ಯ ನಡೆದು ಹೋಗುವಷ್ಟು ಮಾತ್ರ ಅಗಲಕ್ಕೆ ಕೊರೆದು, ಒಸರುವ ನೀರನ್ನು ಪಂಪಿನ ಹಂಗಿಲ್ಲದೆ ಹೊರಕ್ಕೆ ಹರಿಸಿಕೊಳ್ಳುವ ವ್ಯವಸ್ಥೆ. ಬಾಯಾರು, ಪೈವಳಿಕೆ, ಎಣ್ಮಕಜೆಯ ಕಡೆಗೆ ಎಷ್ಟೋ ಮನೆಗಳು ಇಂದಿಗೂ ಇದೇ ನೀರು ಕುಡಿಯುತ್ತವೆ. ಸುರಂಗ ತೋಡಿ ಅನುಭವವಿದ್ದ ಹಿರಿಯರೊಬ್ಬರ ಜೊತೆಗೆ ನಾನು ಒಳಗೆ ಹೋಗಿದ್ದೆ. ಎಷ್ಟು ಕೋಲು (ಸುರಂಗ ಅಳೆಯುವ ಹಳೆಯ ಅಳತೆ) ಉದ್ದ ಎಂದು ಅವರು ಲೆಕ್ಕ ಹೇಳುತ್ತ ಮುಂದೆ ನಡೆದರು. ಕೈಯಲ್ಲಿ ಟಾರ್ಚ್ ಇದ್ದರೂ ಮೇಣದ ಬತ್ತಿಯೊಂದನ್ನು ಹಚ್ಚಿಕೊಂಡಿದ್ದರು. ಬೆಳಕಿಗಲ್ಲ, ಜ್ವಾಲೆ ಸೊರಗಿದರೆ ಒಳಗೆ ಗಾಳಿ ಸಾಲದೆಂದು ತಿಳಿದು ಹಿಂದಿರುಗುವುದಕ್ಕೆ. ಪಿಕ್ಕಾಸಿನ ಏಟಿನ ಗುರುತು ಗೋಡೆಯ ಒಂದೇ ಬದಿಯಲ್ಲಿ ಆಳವಾಗಿರುವುದನ್ನು ತೋರಿಸಿ, "ಇದು ಎಡಗೈಯವನು ತೋಡಿದ್ದು" ಎಂದರು. ಆ ಮಾತನ್ನು ಹಾಗೆಯೇ ಬರೆದಿದ್ದೆ.

ಸಂಸ್ಥೆಯವರು ಈ ಲೇಖನವನ್ನು 'ಸುರಂಗ' ಎಂಬ ಪದಕ್ಕೆ ಮೇಲೇರಿಸುವ ಪ್ರಯತ್ನ ಮಾಡಿದರು, ಸ್ವಲ್ಪ ಮಟ್ಟಿಗೆ ಗೆದ್ದರು ಕೂಡ. ಬಂದವರಲ್ಲಿ ಹೆಚ್ಚಿನವರು ಬೆಂಗಳೂರಿನ ಸುರಂಗ ರಸ್ತೆಯ ಸುದ್ದಿಯನ್ನು ಹುಡುಕಿಕೊಂಡು ಬಂದವರು. ಅವರು ಬಳಸಿದ ಪದಗಳು, ಹುಡುಕಾಟದ ಲೆಕ್ಕ ತೋರಿಸುವ ಗೂಗಲ್‌ನ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಹೆಬ್ಬಾಳದ ವಾಹನದಟ್ಟಣೆಯಲ್ಲಿ ಸಿಕ್ಕಿಕೊಂಡವನಿಗೆ ಬಾಯಾರಿನ ಒರತೆ ಏನು ಮಾಡೀತು? ಬಂದಷ್ಟೇ ಬೇಗ ಹೊರಟರು. ತಾಣಕ್ಕೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ ಸಾಮಾನ್ಯವಾಗಿ 10 ಸೆಕೆಂಡಿಗಿಂತ ಹೆಚ್ಚು ನಿಂತ ಭೇಟಿಯನ್ನು ತೊಡಗಿಕೊಂಡ ಭೇಟಿ ಎಂದು ಎಣಿಸುತ್ತದೆ. ಹತ್ತೇ ಸೆಕೆಂಡಿನ ಆ ಉದಾರ ಅಳತೆಯನ್ನೂ ದಾಟದವರೇ ತುಂಬಿದ್ದರು. ಆದರೂ ಆ ತಿಂಗಳ ವರದಿಯಲ್ಲಿ ಹಸಿರು ಬಣ್ಣದ ಬಾಣವೊಂದು ಮೇಲ್ಮುಖವಾಗಿ ನಿಂತಿತ್ತು.

ಸೇವೆಯ ಅತ್ಯಂತ ಕೆಟ್ಟ ಭಾಗಕ್ಕೆ ಈಗ ಬರುತ್ತೇನೆ. ತಿಂಗಳಿಗೆ ಎರಡು ಲೇಖನಗಳನ್ನು ಅವರೇ ಬರೆದು ಹಾಕುವುದು ಪ್ಯಾಕೇಜಿನ ಭಾಗ. ನಾಲ್ಕನೆಯ ತಿಂಗಳಲ್ಲಿ ನನ್ನನ್ನು ಕೇಳದೆ, ನನ್ನ ಹೆಸರಿನ ಕೆಳಗೆ, ಅಡಿಕೆ ತಿನ್ನುವುದರಿಂದ ಆಗುವ ಹತ್ತು ಆರೋಗ್ಯ ಲಾಭಗಳ ಬಗ್ಗೆ ಲೇಖನವೊಂದು ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ತನ್ನ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿನ ವಸ್ತುಗಳಲ್ಲಿ ಸೇರಿಸಿದೆ. ಅಡಿಕೆ ಬೆಳೆಗಾರನಾಗಿ ಈ ವರ್ಗೀಕರಣ ನನಗೆ ಹಿತವಾದ ಮಾತಲ್ಲ. ಮನೆಯ ಜಗಲಿಯಲ್ಲಿ ಇದರ ಬಗ್ಗೆ ನಡೆಯುವ ವಾದಗಳಲ್ಲಿ ನಾನು ಯಾವ ಕಡೆಗೆ ವಾಲುತ್ತೇನೆಂಬುದು ಬೇರೆ ಸಂಗತಿ. ಆದರೆ ನಾನು ಓದಿ ನೋಡದ, ಯಾವ ವೈದ್ಯರನ್ನೂ ಕೇಳದ ಹತ್ತು ಲಾಭಗಳಿಗೆ ನನ್ನ ಹೆಸರು ಅಂಟಿಸುವ ಹಕ್ಕು ಯಾರಿಗೂ ಇಲ್ಲ. ಅಂದೇ ರಾತ್ರಿ ಅದನ್ನು ತೆಗೆದುಹಾಕಿದೆ. ಸಂಸ್ಥೆಯವರ ಬೇಸರವೇನೆಂದರೆ, ತಿಂಗಳ ಲೇಖನಗಳಲ್ಲಿ ಚೆನ್ನಾಗಿ ಓಡುತ್ತಿದ್ದುದು ಅದೊಂದೇ.

ಹಾಗೆಯೇ ಬ್ಯಾಕ್‌ಲಿಂಕ್. ಬೇರೆ ತಾಣಗಳು ನಮ್ಮ ಪುಟಕ್ಕೆ ಕೊಡುವ ಕೊಂಡಿಯನ್ನು ಒಂದು ಬಗೆಯ ಮತವೆಂದು ಪರಿಗಣಿಸುವ ಉಪಾಯದಿಂದಲೇ ಗೂಗಲ್ 1998ರಲ್ಲಿ ಉಳಿದವರಿಗಿಂತ ಮುಂದೆ ಹೋದದ್ದು. ಮತಕ್ಕೆ ಬೆಲೆ ಬಂದೊಡನೆ ಮತ ಮಾರುವವರು ಹುಟ್ಟಿಕೊಂಡದ್ದು ಆಶ್ಚರ್ಯವಲ್ಲ. 2012ರ ಏಪ್ರಿಲಿನಲ್ಲಿ ಪೆಂಗ್ವಿನ್ ಎಂದು ಕರೆಯಲಾದ ಬದಲಾವಣೆ ಬಂದದ್ದೇ ಇಂಥ ಕೊಂಡ ಕೊಂಡಿಗಳನ್ನು ಹತ್ತಿಕ್ಕುವುದಕ್ಕೆ. ನನಗಾಗಿ ಸಂಪಾದಿಸಿದ ಕೊಂಡಿಗಳನ್ನು ಒಂದು ಸಂಜೆ ಕುಳಿತು ಒಂದೊಂದಾಗಿ ತೆರೆದು ನೋಡಿದೆ: ಸಾಲ ಕೊಡುವವರು, ಹಲ್ಲು ಬಿಳುಪು ಮಾಡುವವರು, ಯಾವುದೋ ದೇಶದ ಟೈಲ್ಸ್ ಅಂಗಡಿ. ಇವರೆಲ್ಲ ಎಣ್ಮಕಜೆಯ ಸುರಂಗದ ಬಗ್ಗೆ ಏಕಾಏಕಿ ಆಸಕ್ತಿ ತಳೆದಿದ್ದಾರೆಂದು ನಂಬುವಷ್ಟು ದಡ್ಡತನ ಗೂಗಲ್‌ಗೆ ಇರಲಿಕ್ಕಿಲ್ಲ. ಪ್ರಥಮ ಸ್ಥಾನವನ್ನು ಖಾತರಿಪಡಿಸಲು ಯಾರಿಂದಲೂ ಸಾಧ್ಯವಿಲ್ಲವೆಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲಿ ಬರೆದಿರುವುದನ್ನು ಕರಾರಿಗೆ ಸಹಿ ಹಾಕುವ ಮೊದಲೇ ಓದಿಕೊಳ್ಳಬಹುದಿತ್ತು.

ತಿಂಗಳ ವರದಿಯ ಬಗ್ಗೆಯೂ ಒಂದು ದೂರಿದೆ, ಅದು ಗಡಿನಾಡಿನವನ ದೂರು. ಐದನೆಯ ತಿಂಗಳಿನವರೆಗೂ ವರದಿಯಲ್ಲಿ ನನ್ನ ಊರಿನ ಓದುಗರು ಕಾಣಿಸುತ್ತಲೇ ಇರಲಿಲ್ಲ. ನಮ್ಮ ಮನೆಯಲ್ಲೇ ನಾಲ್ವರು ಓದುತ್ತಾರಲ್ಲ, ಅವರಾದರೂ ಎಲ್ಲಿ ಹೋದರು ಎಂದು ಕೆದಕಿದಾಗ ತಿಳಿಯಿತು: ಕನ್ನಡ ಬ್ಲಾಗ್ ಎಂದ ಮೇಲೆ ಓದುಗರು ಕರ್ನಾಟಕದವರೇ ಎಂದುಕೊಂಡು, ವರದಿಯನ್ನು ಕರ್ನಾಟಕಕ್ಕೆ ಮಾತ್ರ ಸೋಸಿ ತೆಗೆಯುತ್ತಿದ್ದರು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಇಷ್ಟು ವರ್ಷಗಳ ಮೇಲೆ, ಹಣ ಕೊಟ್ಟು, ನನ್ನದೇ ಬ್ಲಾಗಿನ ಲೆಕ್ಕದಿಂದಲೂ ಹೊರಗುಳಿದೆವು. ಸೋಸುವುದನ್ನು ನಿಲ್ಲಿಸಿದ ಮೇಲೆ ಕಾಸರಗೋಡು, ಮಂಜೇಶ್ವರದ ಓದುಗರು ಮಾತ್ರವಲ್ಲ, ದುಬೈ, ಶಾರ್ಜಾ, ದೋಹಾಗಳಲ್ಲಿ ದುಡಿಯುವ ನಮ್ಮವರೂ ಎದ್ದು ಬಂದರು.

ಆ ಪೂರ್ತಿ ಲೆಕ್ಕವನ್ನು ನೋಡಿದಾಗ ಇನ್ನೊಂದು ಸಂಗತಿ ಬೆಳಕಿಗೆ ಬಂತು. ದೀರ್ಘವಾಗಿ ಓದಿದವರು, ಮರಳಿ ಬಂದವರು, ಒಂದು ಲೇಖನದಿಂದ ಇನ್ನೊಂದಕ್ಕೆ ಹೋದವರು ಬಹುಪಾಲು 'ಡೈರೆಕ್ಟ್' ಎಂಬ ತಲೆಬರಹದಡಿ ಇದ್ದರು. ಯಾವ ಪುಟದಿಂದ ಬಂದರೆಂಬ ಗುರುತು ಇಲ್ಲದವರನ್ನು ಅನಾಲಿಟಿಕ್ಸ್ ಆ ಗುಂಪಿಗೆ ಹಾಕುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಒಬ್ಬರು ಇನ್ನೊಬ್ಬರಿಗೆ ಕಳುಹಿಸಿದ ಲಿಂಕ್ ಒತ್ತಿ ಬಂದವರು ಸಾಮಾನ್ಯವಾಗಿ ಹೀಗೆಯೇ ಗುರುತಿಲ್ಲದೆ ಬರುತ್ತಾರೆ. ಸಂಸ್ಥೆಯ ವರದಿ ಇವರನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಿತ್ತು, ಏಕೆಂದರೆ ಇವರನ್ನು ತಂದದ್ದು ಅವರಲ್ಲ. ತಂದದ್ದು ಚೂರಿಯ ಚಿತ್ರ, ಎಡಗೈಯವನ ಪಿಕ್ಕಾಸು. ನಾನು ಮೂಲ ರೂಪಕ್ಕೆ ಮರಳಿಸಿದ ಬೋರ್ಡೋ ಲೇಖನವನ್ನು ಯಾರೋ ಬದಿಯಡ್ಕದ ಕಡೆಯ ಬೆಳೆಗಾರರ ಗುಂಪಿಗೆ ಹಾಕಿದ್ದರಂತೆ. ಅಲ್ಲಿಂದ ಅದು ಪುತ್ತೂರು, ಸುಳ್ಯ ದಾಟಿ ಸುತ್ತಾಡಿ ನನ್ನ ಸೋದರಮಾವನ ಫೋನಿಗೆ ಬಂತು. ಅವರು ಅದನ್ನು ನನಗೇ ಕಳುಹಿಸಿ, "ನೋಡು, ಯಾರೋ ಚೆನ್ನಾಗಿ ಬರೆದಿದ್ದಾರೆ, ನೀನೂ ಹೀಗೆ ಬರೆ" ಎಂದರು. ಆರು ತಿಂಗಳಲ್ಲಿ ನನಗೆ ಬಂದ ಉತ್ತಮ ವರದಿ ಅದೇ.

ಮಜಾ ಎಂದರೆ ಹುಡುಕಾಟದಲ್ಲಿಯೂ ಆ ಲೇಖನ ತಾನಾಗಿ ಮೇಲೆ ಬಂತು, ಸೊಂಟಕ್ಕೆ ಕಟ್ಟಿದ್ದ ಕೀವರ್ಡ್ ಸರ ಬಿಚ್ಚಿದ ಮೇಲೆ. ಅದಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಗೂಗಲ್ ಸಾಗುತ್ತಿರುವ ದಾರಿ ಇದಕ್ಕೆ ಹೊಂದುವಂಥದ್ದೇ: ಯಂತ್ರಕ್ಕಾಗಿ ಬರೆದ ಬರಹವನ್ನು ಹಿಂದಕ್ಕೆ ತಳ್ಳುವ ಬದಲಾವಣೆಯನ್ನು ಅದು 2022ರ ಆಗಸ್ಟ್‌ನಲ್ಲಿ ತಂದಿತು; ಅದೇ ವರ್ಷದ ಡಿಸೆಂಬರಿನಲ್ಲಿ, ಪುಟಗಳ ಗುಣಮಟ್ಟ ಅಳೆಯುವವರಿಗೆ ಕೊಡುವ ಮಾರ್ಗಸೂಚಿಯಲ್ಲಿ ಬರೆದವರ ಸ್ವಂತ ಅನುಭವವನ್ನೂ ನೋಡಬೇಕೆಂದು ಸೇರಿಸಿತು. ಡ್ರಮ್ಮಿನ ಪಕ್ಕದಲ್ಲಿ ನಿಂತವನಿಗೆ ಮಾತ್ರ ಕೆಂಪಾದ ಅಲಗಿನ ಚಿತ್ರ ಸಿಗುತ್ತದೆ. ಅದನ್ನು ತಿಂಗಳಿಗೆ ಎರಡರಂತೆ ನಗರದ ಕಚೇರಿಯಲ್ಲಿ ತಯಾರಿಸಲಾಗದು.

ಯಾರು ಈ ಸೇವೆಯನ್ನು ಕೊಳ್ಳಬಹುದು? ಬೇಕಲದ ಬಳಿ ಹೋಮ್‌ಸ್ಟೇ ನಡೆಸುವವರು, ಪೇಟೆಯಲ್ಲಿ ಪಂಪ್ ರಿಪೇರಿಯ ಅಂಗಡಿ ಇಟ್ಟವರು ಖಂಡಿತ ಯೋಚಿಸಬಹುದು. ಅಲ್ಲಿ ಹುಡುಕುವವನು ಹಣ ಹಿಡಿದುಕೊಂಡೇ ಹುಡುಕುತ್ತಿರುತ್ತಾನೆ, ಮೊದಲು ಕಂಡವರಿಗೆ ಕರೆ ಮಾಡುತ್ತಾನೆ. ಬರೆಯುವವರು ಮೊದಲ ತಿಂಗಳ ರಿಪೇರಿಯನ್ನಷ್ಟೇ ಒಮ್ಮೆಯ ಕೆಲಸವಾಗಿ ಕೇಳಿ ಪಡೆಯಲಿ, ಮಾಸಿಕ ಕರಾರಿಗೆ ಒಪ್ಪದಿರಲಿ. ಪುಟದ ವೇಗ ನೋಡುವ ಸಾಧನ, ಸರ್ಚ್ ಕನ್ಸೋಲ್ ಎರಡೂ ಉಚಿತ. ಅರ್ಧದಷ್ಟು ರಿಪೇರಿಯನ್ನು ತಾಳ್ಮೆಯಿದ್ದವರು ತಾವೇ ಮಾಡಿಕೊಳ್ಳಬಹುದು. ಕರಾರು ಮುಗಿಸುವಾಗ ಸರ್ಚ್ ಕನ್ಸೋಲ್ ಮತ್ತು ಅನಾಲಿಟಿಕ್ಸ್‌ನಲ್ಲಿ ಮಾಲೀಕರ ಸ್ಥಾನದಲ್ಲಿ ನಿಮ್ಮ ಇಮೇಲ್ ಇದೆಯೇ ಎಂದು ನೋಡಿಕೊಂಡು, ಆಮೇಲೆ ಅವರ ಇಮೇಲನ್ನು ತೆಗೆಯಿರಿ. ನಾನು ಇದರಲ್ಲಿ ಎರಡು ವಾರ ಕಳೆದೆ. ಹುಡುಗ ಒಳ್ಳೆಯವನಾದ್ದರಿಂದ ಕೊನೆಗೆ ಆಯಿತು.

ಕರಾರು ಮುಗಿದ ಮೇಲೆ ಉಳಿದ ಹಣದಲ್ಲಿ ಕ್ಯಾಮೆರಾಕ್ಕೆ ಒಂದು ಸ್ಟ್ಯಾಂಡ್ ಕೊಂಡೆ, ಸುರಂಗದೊಳಗಿನ ಕತ್ತಲೆಯಲ್ಲಿ ಕೈ ನಡುಗಿ ಚಿತ್ರ ಹಾಳಾಗುತ್ತಿತ್ತು. ಮೊನ್ನೆ ಮಳೆ ಹಿಡಿಯುವ ಹೊತ್ತಿಗೆ ನೀರ್ಚಾಲಿನ ಕಡೆಯಿಂದ ಒಬ್ಬರು ಕರೆ ಮಾಡಿ, "ಅಣ್ಣಾ, ನಿಮ್ಮ ಮದ್ದಿನ ಲೇಖನ ಓದಿದೆ. ಅಡುಗೆಮನೆಯ ಸ್ಟೀಲಿನ ಚೂರಿ ಅದ್ದಿದರೆ ಆಗುತ್ತದೆಯೋ?" ಎಂದು ಕೇಳಿದರು. ತುಕ್ಕು ಹಿಡಿಯುವ ಕಬ್ಬಿಣದ್ದೇ ಬೇಕು, ಉಜ್ಜಿ ಹೊಳಪು ಬಂದ ಮೇಲೆಯೇ ಅದ್ದಬೇಕು ಎಂದು ಅವರಿಗೆ ಹೇಳಿದೆ. ಆ ಸಾಲನ್ನು ಅಂದೇ ಲೇಖನಕ್ಕೂ ಸೇರಿಸಿದೆ.